ಗಣಿಯ ಬಾಯಿ ಮುಚ್ಚಿದ ಮೇಲೆ

ಅಕ್ಕಾ,

ಸಮುದ್ರದ ಗಾಳಿಯೇ ಇಲ್ಲದ ಈ ಗಾಂಗ್ವನ್ ಬೆಟ್ಟದಲ್ಲಿ ನಾನು ಆರಾಮಾಗಿದ್ದೇನೆ. ಪಾಳುಬಿದ್ದ ಕಲ್ಲಿದ್ದಲು ಗಣಿಯ ಬಾಯಿಗೆ ಕಾಂಕ್ರೀಟ್ ತುಂಬಿ, ಕರಿ ಗುಡ್ಡೆಯನ್ನು ಸಮ ಮಾಡಿ, ಊರಿನ ವಯಸ್ಸಾದವರಿಗೆ ಕೊಡತಿಯಿಂದ ಚೆಂಡು ಹೊಡೆಯುವ ಬಯಲು ಮಾಡಿಕೊಟ್ಟೆವು. ನಿನ್ನೆ ಅದರ ಉದ್ಘಾಟನೆ.

"ಇನ್ನು ಹೆದರಿಕೆ ಬೇಡ, ಒಳಗೆ ಏನೂ ಇಲ್ಲ," ಎಂದರು ಗಣಿ ಇಲಾಖೆಯ ಸಾಹೇಬರು.

ನಾನು ಬಾಡಿಗೆಗಿರುವ ಮನೆಯ ಮಲ್‌ಸುಕ್ ಅಜ್ಜಿ ಎದ್ದು ನಿಂತರು. "ನನ್ನ ಗಂಡ ಇದ್ದಾರಲ್ಲಪ್ಪ! ಸುರಂಗ ಕುಸಿದಾಗ ಹೆಣ ತೆಗೆಯೋಕೆ ದುಡ್ಡಿಲ್ಲ ಅಂದ್ರಿ. ಮುಚ್ಚೋಕೆ ಎಲ್ಲಿಂದ ಬಂತು?"

ಸಾಹೇಬರು ಬೆವರು ಒರೆಸಿಕೊಂಡು, ಮೊದಲ ಹೊಡೆತದ ಗೌರವವನ್ನು ಅವರಿಗೇ ಕೊಟ್ಟರು. ಅಜ್ಜಿ ಚೆಂಡು ಬಿಟ್ಟು ನೆಲಕ್ಕೇ ಕುಟ್ಟಿದರು. "ಏಳ್ರೀ, ನಿಮ್ಮ ತಲೆ ಮೇಲೆ ಊರೆಲ್ಲ ಆಡೋಕೆ ಬಂದಿದೆ!" ಜನ ಚಪ್ಪಾಳೆ ತಟ್ಟಿದರು. ಫೋಟೋ ಚೆನ್ನಾಗಿ ಬಂದಿದೆಯಂತೆ.

ನನ್ನ ಸೊಂಟ ನೋವು ಕಡಿಮೆಯಾಗಿದೆ. ನೀನು ಕೊಟ್ಟ ಒಣಮೀನು ಮುಗಿಯಿತು, ಇನ್ನಷ್ಟು ಕಳಿಸು.

ಕಾಂಕ್ರೀಟ್ ಸುರಿದವನು ನಾನೇ ಎಂದು ಅಜ್ಜಿಗೆ ಗೊತ್ತು. ಊಟಕ್ಕೆ ಏನೂ ಸಿಗಲಾರದು ಅಂದುಕೊಂಡಿದ್ದೆ. ಬೆಳಿಗ್ಗೆ ಮೂಲಂಗಿ ಸಾರು ಬಡಿಸುತ್ತಾ ಕೇಳಿದರು: "ಗಟ್ಟಿಯಾಗಿ ಹಾಕಿದ್ದೀಯ ತಾನೇ? ಮಳೆ ನೀರು ಇಳೀಬಾರದು ಮಗಾ, ಅವರಿಗೆ ಥಂಡಿ ಆಗಿಬರಲ್ಲ."

ಕೆಲಸದ ಲಾರಿ ಬಂತು, ಹೊರಟೆ.

ನಿನ್ನ ತಮ್ಮ,
ದುಸಿಕ್