ಅತ್ತೆಯ ಟ್ಯಾಂಕಿನಲ್ಲಿ ಉಳಿದದ್ದು

ಫೆಬ್ರವರಿ 4, ಬೆಳಿಗ್ಗೆ

ದೊಡ್ಡಪ್ಪನ ಮೈ ತೊಳೆದದ್ದಾಯಿತು. ಸೀಮೆಎಣ್ಣೆ, ಹಳೇ ಟೂತ್‌ಬ್ರಷ್. ಸಿಲಿಂಡರಿನ ಸಂದಿಗಳಲ್ಲಿ ಯಾವ ಕಾಲದ ಮರದ ಪುಡಿಯೋ, ಕಲ್ಲಿನ ಹಾಗೆ ಕೂತಿತ್ತು. ಬ್ರಷ್ ಬೋಳಾಯಿತು. ಬಚ್ಚಲಿನ ಲೋಟದಲ್ಲಿ ಇನ್ನೊಂದಿದೆ — ನೀಲಿಯದು, ಅವಳದು. ಮುಟ್ಟಲಿಲ್ಲ. ಅಂಗಡಿಗೆ ಹೋಗಿ ಹೊಸದು ತಂದೆ.

ದೊಡ್ಡಪ್ಪ ಅಂದರೆ ಇಬ್ಬರು ಹಿಡಿದು ಮರ ಕೊಯ್ಯುವ ಚೈನ್ ಗರಗಸ. ಯಾರಿಗೆ ವಿವರಿಸುತ್ತಿದ್ದೇನೋ... ಓದುವವರಿಲ್ಲ. ಇರಲಿ. ನನ್ನ ರಿಪೇರಿ ಅಂಗಡಿಗೆ ಬಿಟ್ಟು ಹೋಗಿ, ತಿರುಗಿ ಬಾರದವರ ಮೆಷಿನ್‌ಗಳು ಶೆಡ್ಡಿನ ಈ ಗರಗಸಗಳೆಲ್ಲ. ಅಂಗಡಿ ಮುಚ್ಚಿದ ದಿನ ಮನೆಗೆ ತಂದು ಇಳಿಸಿದೆ. ನನ್ನವಳು ಸೊಂಟದ ಮೇಲೆ ಕೈಯಿಟ್ಟು, "ಇದೇನ್ರೀ, ಅನಾಥಾಶ್ರಮ ತೆಗೆದ್ರಾ?" ಅಂದಳು. ಮಾರನೇ ದಿನ ತಾನೇ ಒಂದೊಂದಕ್ಕೂ ಹೆಸರಿಡುತ್ತ ಕೂತಿದ್ದಳು.

ಟಿಂಬರ್ ಯಾರ್ಡಿನ ಹಳೇ ಆಫೀಸು ಮ್ಯೂಸಿಯಂ ಆಗುತ್ತಿದೆ. ಒಂದು ಗೋಡೆ ಪೂರ್ತಿ ಇವುಗಳಿಗೆ. ಅವಳ ಆಸೆ ಅದು. ಒಂಥರಾ ಲಾಸ್ಟ್ ವಿಶ್. ಕೊನೆಯ ಆಸೆ ಅಂತ ಅವಳೇನೂ ಹೇಳಲಿಲ್ಲ. ಕೊನೆಗೆ ಮಾತೇ ಬರುತ್ತಿರಲಿಲ್ಲವಲ್ಲ.

ಫೆಬ್ರವರಿ 7

ಮ್ಯೂಸಿಯಂ ಮೇಡಂ ಫೋನ್ ಮಾಡಿದ್ದರು. ಯಾವ ಟ್ಯಾಂಕಿನಲ್ಲೂ ಒಂದು ತೊಟ್ಟು ಪೆಟ್ರೋಲ್ ಇರಕೂಡದಂತೆ. ನ್ಯಾಯವೇ. "ಡೆಫಿನೆಟ್ಲಿ ಮೇಡಂ" ಅಂದೆ. ಫೋನಿಟ್ಟು ಶೆಡ್ಡಿಗೆ ಹೋಗಿ ಅತ್ತೆಯ ಮುಂದೆ ಕೂತೆ.

ಅತ್ತೆ ಅಂದರೆ ಹಳದಿ ಗರಗಸ. "ಥೇಟ್ ನಿಮ್ಮಮ್ಮ. ಮೊದಲು ಕೆಮ್ಮೋದು, ಆಮೇಲೆ ಬೈಯೋದು." ಅಮ್ಮ ಬದುಕಿದ್ದಾಗಲೇ, ಅವರ ಎದುರಿಗೇ ಹೇಳಿದ್ದಳು! ಅಮ್ಮ ನಕ್ಕು ನಕ್ಕು ನಿಜವಾಗಿ ಕೆಮ್ಮಿದರು.

ಅದರ ಟ್ಯಾಂಕ್ ತುಂಬಿದೆ. ಅವಳೇ ತುಂಬಿಸಿದ್ದು. ಪೆಟ್ರೋಲ್ ಕಲೆಸುವ ಕೆಲಸ ಯಾವಾಗಲೂ ಅವಳದೇ. ಪೆಟ್ರೋಲು, ಟೂ ಸ್ಟ್ರೋಕ್ ಆಯಿಲು, ಮೇಲೆ ಒಂದಿಷ್ಟು ಹರಳೆಣ್ಣೆ. ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತೆ ಕಣೇ ಅಂತ ನಾನು. "ಅಂಟಿಕೊಳ್ಳಲಿ ಬಿಡ್ರಿ, ಹೊಗೆ ವಾಸನೆ ನೋಡಿ ಹೇಗಿದೆ!" ಅಂತ ಅವಳು. ನಾನು ಅಂಗಳದಲ್ಲಿ ಸ್ಟಾರ್ಟರ್ ಹಗ್ಗ ಎಳೆಯುವುದು, ಅವಳು ಅಡುಗೆಮನೆ ಕಿಟಕಿಯಲ್ಲಿ ನಿಂತು ಕಿವಿಗೊಡುವುದು. "ಉಸಿರು ಕಟ್ತಿದೆ, ಸ್ವಲ್ಪ ಬಿಡಿ... ಹಾಂ, ಸಾಕು." ಕಾರ್ಬೊರೇಟರಿನ ಸ್ಕ್ರೂ ಅವಳ ಮಾತಿನ ಮೇಲೆ ತಿರುಗುತ್ತಿತ್ತು.

ಅವತ್ತು ಸಂಜೆ ತುಂಬಿಸಿ ಮುಚ್ಚಳ ತಿರುಗಿಸಿದಳು. ಪಕ್ಕದ ಮನೆ ಕೂಸು ಮಲಗಿತ್ತು. "ನಾಳೆ ಎಬ್ಬಿಸೋಣ ಬಿಡಿ ಅತ್ತೆಯನ್ನ" ಅಂದಳು. ಮಾರನೇ ದಿನ ಆಸ್ಪತ್ರೆ.

ಆಮೇಲೆ ನಾನೂ ಕಲೆಸಿ ನೋಡಿದ್ದೇನೆ. ಅದೇ ಬಾಟ್ಲಿ, ಅದೇ ಎಣ್ಣೆ. ಆ ವಾಸನೆ ಬರಲಿಲ್ಲ. ಅವಳದು ಕಣ್ಣಳತೆ.

ಟ್ಯಾಂಕ್ ಬಗ್ಗಿಸಿ ಚೆಲ್ಲುವುದಿಲ್ಲ. ಓಡಿಸಿಯೇ ಖಾಲಿ ಮಾಡುತ್ತೇನೆ. ಅವಳು ಕಲೆಸಿದ್ದು ಹೊಗೆಯಾಗಿ ಅವಳ ಕಿಟಕಿಗೇ ಹೋಗಲಿ. ಕೊನೆಯ ಸಲ.

ಫೆಬ್ರವರಿ 9

ಇವತ್ತು ಬೇಡ. ಗಾಳಿ ಜಾಸ್ತಿ.

ಫೆಬ್ರವರಿ 12

ಗಾಳಿ ಇರಲಿಲ್ಲ. ಹಗ್ಗ ಹಿಡಿದೆ, ಬಿಟ್ಟೆ. ಎಳೆದರೆ ಮುಗಿದೇ ಹೋಯಿತಲ್ಲ. ಈಗಾದರೆ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅನ್ನುತ್ತೆ.

ಫೆಬ್ರವರಿ 20

ಭಾವಮೈದ ಬಂದಿದ್ದಾನೆ, ಅವಳ ತಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವನು. ಶೆಡ್ ನೋಡಿ, "ಭಾವ, ನೀವು ಹೀಗೆ ಒಂದೊಂದನ್ನೇ ತಲೆ ಸವರ್ತಾ ಕೂತ್ರೆ ಓಪನಿಂಗ್ ದಿನ ಬರೀ ಗೋಡೆ ತೋರಿಸ್ಬೇಕು" ಅಂದ. ಅಂಗಿಯ ತೋಳು ಮಡಿಸಿ ಕೆಲಸಕ್ಕೆ ಕೂತೇಬಿಟ್ಟ. ನಕ್ಕರೆ ಅಕ್ಕನದೇ ಹಲ್ಲು. ಎದುರಿಗೆ ಕೂತು ಕೆಲಸ ಮಾಡುವುದು ಕಷ್ಟ. ಅವನಿಲ್ಲದಿದ್ದರೆ ಇನ್ನೂ ಕಷ್ಟ.

ಅತ್ತೆಯ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದರೆ ಏನಂದುಕೊಂಡಾನು, ಪೆಟ್ರೋಲ್ ಮೇಲೆ ಪ್ರೀತಿ ಅಂತ.

ಫೆಬ್ರವರಿ 23

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸ್ಟ್ಯಾಂಡಿನ ಅಳತೆಗೆ ಮ್ಯೂಸಿಯಂಗೆ ಹೋಗಿದ್ದೆ. ಹೊರಡುವಾಗ ಭಾವಮೈದನಿಗೆ "ಉಳಿದವುಗಳ ಟ್ಯಾಂಕ್ ನೋಡಪ್ಪ" ಅಂದಿದ್ದೆ. ಅಷ್ಟೇ ಅಂದಿದ್ದು. ವಾಪಸ್ ಬರುವಾಗ ಬೀದಿ ತಿರುವಿಗೇ ಕೇಳಿಸಿತು. ಒಂದು ಕೆಮ್ಮು, ಆಮೇಲೆ ಬೈಗುಳ. ಅತ್ತೆ! ಓಡಿದೆ. ಈ ವಯಸ್ಸಿನಲ್ಲಿ ಓಡಿದೆ.

ಗೇಟ್ ತೆಗೆಯುವಾಗಲೇ ಗೊತ್ತಾಯಿತು. ಹೊಗೆ ಇದೆ. ಹರಳೆಣ್ಣೆ ಇಲ್ಲ.

"ಹೆಂಗಿದೆ ಭಾವ! ಒಂದೇ ಎಳೆತ!" ಮುಖದ ತುಂಬ ಮಸಿ, ಬೆಳಕು. "ಒಳಗಿದ್ದದ್ದು ಕೊಳೆತು ಅಂಟಾಗಿತ್ತು. ಎಲ್ಲಾ ಬಗ್ಗಿಸಿ, ಕಾರ್ಬೊರೇಟರ್ ತೊಳೆದು, ಫ್ರೆಶ್ ಹಾಕ್ದೆ. ಅಕ್ಕ ಇದ್ದಿದ್ರೆ ಕುಣಿದಾಡ್ತಿದ್ದಳು."

ಹೌದು ಅಂದೆ. ಹಳೇ ಪೆಟ್ರೋಲ್ ಕಂಡರೆ ಬಗ್ಗಿಸಬೇಕು. ಯಾವ ಒಳ್ಳೇ ಮೆಕ್ಯಾನಿಕ್ ಆದರೂ ಅದನ್ನೇ ಮಾಡುತ್ತಾನೆ. ಕೈಕೆಳಗಿನ ಹುಡುಗರಿಗೆ ಜೀವಮಾನವೆಲ್ಲ ಅದನ್ನೇ ಹೇಳಿಕೊಟ್ಟವನು ನಾನು.

ನೆವರ್‌ದಿಲೆಸ್. ಆದರೂ ಅನ್ನುವುದಕ್ಕೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಪದ. ಎಲ್ಲಿ ಹಾಕಬೇಕೋ ಮರೆತಿದೆ. ಇಲ್ಲಿ ಹಾಕುತ್ತೇನೆ.

ಫೆಬ್ರವರಿ 24

ಊಟ ಸೇರಲಿಲ್ಲ. ಅವನು ಕೇಳುತ್ತಲೇ ಇದ್ದ. ಹೇಳಿಬಿಟ್ಟೆ. ಕಿಟಕಿ, ಹರಳೆಣ್ಣೆ, ನಾಳೆ ಎಬ್ಬಿಸೋಣ ಅಂದದ್ದು, ಎಲ್ಲ.

ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೂತ. "ಅಯ್ಯೋ ಭಾವ... ಒಂದ್ ಮಾತು ಹೇಳ್ಬಾರದಾಗಿತ್ತಾ?" ಹೇಳಬಹುದಾಗಿತ್ತು. ಆಮೇಲೆ ಅವನು ಧಡಕ್ಕನೆ ಎದ್ದ, ಕೈಯೂ ತೊಳೆಯಲಿಲ್ಲ. ಬಗ್ಗಿಸಿದ್ದನ್ನು ಚೆಲ್ಲಿಲ್ಲವಂತೆ! ಹಳೇ ಚೈನ್‌ಗಳನ್ನು ಅದರಲ್ಲೇ ನೆನೆಹಾಕಿದ್ದಾನೆ, ಶೆಡ್ಡಿನ ತಗಡಿನ ಬೋಗುಣಿಯಲ್ಲಿ.

ಹೋಗಿ ನೋಡಿದೆವು. ಕಪ್ಪಗೆ, ಕೊಚ್ಚೆ ಹಾಗೆ. ಇಬ್ಬರೂ ಬಗ್ಗಿ ಮೂಸಿದೆವು. ಯಾರಾದರೂ ನೋಡಿದ್ದರೆ ಎರಡು ಮುದಿ ಬೆಕ್ಕು ಅನ್ನಬೇಕು.

ಫೆಬ್ರವರಿ 26, ಮಧ್ಯಾಹ್ನ

ಭಾವಮೈದ ಅದನ್ನು ಹತ್ತಿ ಬಟ್ಟೆಯಲ್ಲಿ ಸೋಸಿದ, ತಿಳಿಯಾಗಲು ಬಿಟ್ಟ, ಮತ್ತೆ ಸೋಸಿದ. ನಿನ್ನೆಯೆಲ್ಲ ಅದೇ. ಒಂದು ಸಣ್ಣ ಲೋಟದಷ್ಟು ಉಳಿದಿದೆ. ಇದನ್ನು ಹಾಕಿದರೆ ಕಾರ್ಬೊರೇಟರ್ ಕೆಡುತ್ತೆ ಅಂದೆ. "ಕೆಡ್ಲಿ. ಮ್ಯೂಸಿಯಂನಲ್ಲಿ ಯಾರು ಮರ ಕಡೀತಾರೆ?" ಅಂದ. ಥೇಟ್ ಅಕ್ಕನ ಧಾಟಿ.

"ನಾನು ಎಳೀತೀನಿ. ನೀವು ಹೋಗಿ ಕಿಟಕೀಲಿ ನಿಂತ್ಕೊಳ್ಳಿ ಭಾವ."

ಇಲ್ಲಿಯವರೆಗೂ ನಾನು ಆ ಕಿಟಕಿಯಲ್ಲಿ ನಿಂತಿರಲಿಲ್ಲ. ಇಲ್ಲಿಂದ ಅಂಗಳ ಇಷ್ಟು ಹತ್ತಿರವೇ? ನನ್ನ ಬಕ್ಕತಲೆ ಅವಳಿಗೆ ಇಷ್ಟು ಚೆನ್ನಾಗಿ ಕಾಣುತ್ತಿತ್ತೇ. ಕಟ್ಟೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಅವನು ಹೊಸ ಪೆಟ್ರೋಲ್ ತೆಗೆದು, ಲೋಟದ್ದು ಸುರಿದು ಮುಚ್ಚಳ ತಿರುಗಿಸಿದ. ಹಗ್ಗ ಹಿಡಿದ.

ಅದೇ ದಿನ, ಸಂಜೆ

ಅತ್ತೆ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಕೆಮ್ಮಿತು. ಬೈಯಿತು. ಉಸಿರು ಕಟ್ಟುತ್ತಿತ್ತು, ನನಗೂ ಕೇಳಿಸಿತು. "ಸ್ವಲ್ಪ ಬಿಡು... ಹಾಂ, ಸಾಕು" ಅಂತ ನನ್ನ ಬಾಯಲ್ಲಿ ಬಂತು. ಹೊಗೆ ಕಿಟಕಿಗೇ ಬಂತು. ಕಣ್ಣು ಮುಚ್ಚಿ ಎಳೆದುಕೊಂಡೆ. ಲೋಟದಷ್ಟು, ಎಷ್ಟು ಹೊತ್ತು ಓಡೀತು. ನಿಂತಿತು.

ಅಂಗಳದಿಂದ ಕೂಗಿದ: "ಭಾವ, ಬಂತಾ? ಅಕ್ಕನ ವಾಸನೆ ಬಂತಾ?"

"ಬಂತಪ್ಪ" ಅಂದೆ.

ಗರಗಸ ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂತು ಅತ್ತ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ ಅವನು.

ಬಂದಿರಲಿಲ್ಲ. ಚೈನಿನ ಗ್ರೀಸು, ತುಕ್ಕು, ಸುಟ್ಟ ಎಣ್ಣೆ. ಅಷ್ಟೇ.

ಅವನು ಹೊರಟುಹೋದ. ಚಳಿ ಒಳಗೆ ಬರುತ್ತಿದೆ. ಕಿಟಕಿ ಮುಚ್ಚಬೇಕು. ಏಕೆಂದರೆ ಇನ್ನೇನೂ... ಆದರೂ, ಒಂದು ವೇಳೆ ಹೊಗೆ ಪೂರ್ತಿ ಹೋಗಿರದಿದ್ದರೆ, ಕೊನೆಗೆ ಸ್ವಲ್ಪ ಹರಳೆಣ್ಣೆ ಬಂದೀತು. ಇನ್ನೊಂದಿಷ್ಟು ಹೊತ್ತು ತೆರೆದೇ ಇರಲಿ.