ಮೂರನೇ ಕಾಲಂ

ಮಾರ್ಚ್ 3, ಬೆಳಿಗ್ಗೆ 6.30

ಕತ್ತರಿಗಳಿಗೆ ಎಣ್ಣೆ ಬಿಟ್ಟಾಯಿತು. ಕ್ಷೌರದಂಗಡಿ ತೆರೆಯಲು ಇನ್ನೂ ಒಂದು ಗಂಟೆ. ಓದಿದ್ದು ಮತ್ತಾಯನ ಸುವಾರ್ತೆ, ಒಂದನೇ ಅಧ್ಯಾಯ. ಬರೀ ವಂಶಾವಳಿ. ಎರಡು ಸಲ ತೂಕಡಿಕೆ ಬಂತು.

ಬೈಬಲ್ ಓದುವ ಈ ಕ್ರಮ ಮೇಷ್ಟ್ರದ್ದು. ರಿಟೈರ್ ಆದ ಮೇಲೆ ಭಾನುವಾರ ಆರಾಧನೆ ಮುಗಿದ ಬಳಿಕ ನಮಗೆ ಪಾಠ ಹೇಳುತ್ತಾರೆ. ಪುಟದಲ್ಲಿ ಮೂರು ಕಾಲಂ. ಏನು ಬರೆದಿದೆ? ಏನರ್ಥ? ಇವತ್ತು ಏನು ಮಾಡಬೇಕು? ದಿನಕ್ಕೆ ಸ್ವಲ್ಪವೇ ಓದಬೇಕು, ಹಾರಿಸಬಾರದು. ಮೂರನೆಯದನ್ನು ಮಾಡಿದ ಮೇಲೆ ಟಿಕ್. ಈ ಡೈರಿಯ ಹಿಂದಿನ ಪುಟಗಳಲ್ಲೇ ಗೆರೆ ಎಳೆದಿದ್ದೇನೆ. ವಂಶಾವಳಿಗೆ ಏನು ಮಾಡುವುದು? ‘ತಾಳ್ಮೆಯಿಂದ ಓದಬೇಕು’ ಎಂದು ಬರೆದೆ. ಟಿಕ್.

ಮಾರ್ಚ್ 6

ತಮ್ಮ ಎಂಟಕ್ಕೆ ಬಂದ. ಮಾತಿಲ್ಲ. ಒಂದೇ ಅಂಗಡಿ, ಎರಡು ಕುರ್ಚಿ, ನಡುವೆ ಪೌಡರ್ ಡಬ್ಬಿ. ಮಾತು ನಿಂತು ಹನ್ನೊಂದು ತಿಂಗಳಾಯಿತು. ಪೋಸ್ಟ್‌ಮಾಸ್ಟರ್ ಕಿವಿ ಕುಯ್ದವನು ಅವನು, ಮುನಿಸು ಮಾತ್ರ ನನ್ನ ಮೇಲೆ. ಗಿರಾಕಿಗಳು ಹೆದರಿ ನನ್ನ ಕುರ್ಚಿಗೆ ಬಂದರೆ ನಾನೇನು ಮಾಡಲಿ? ಅವನು ದಿನವಿಡೀ ನೊಣ ಹೊಡೆಯುತ್ತಾನೆ.

ಮೂರನೇ ಕಾಲಂ: ತಮ್ಮ ಸೊಕ್ಕು ಬಿಡಬೇಕು.

ಮಾರ್ಚ್ 9, ಭಾನುವಾರ

ಮಾನ ಹೋಯಿತು. ಮೂರನೇ ಕಾಲಂ ಓದಿ ಹೇಳಿ ಎಂದರು ಮೇಷ್ಟ್ರು. ಓದಿದೆ. ತಮ್ಮ ಸೊಕ್ಕು ಬಿಡಬೇಕು. ಹೆಂಡತಿ ಗೊಣಗುವುದನ್ನು ನಿಲ್ಲಿಸಬೇಕು. ಪಾದ್ರಿಗಳು ಪ್ರಸಂಗ ಚುಟುಕು ಮಾಡಬೇಕು. ಪಾದ್ರಿಗಳು ಅಲ್ಲೇ ಹಿಂದೆ ಕೂತಿದ್ದರು... ಕೆಮ್ಮಿದರು.

“ಏನಯ್ಯಾ, ಊರಿಗೆಲ್ಲ ಕೆಲಸ ಹಂಚಿಬಿಟ್ಟಿದೀಯ! ನಿನಗೇನೂ ಉಳಿಸ್ಕೊಂಡಿಲ್ವಲ್ಲ?” ಎಂದರು ಮೇಷ್ಟ್ರು. “ಕನ್ನಡಿ ಮುಂದೆ ಬೇರೆಯವರನ್ನೇ ಕೂರಿಸಿ ಕೂರಿಸಿ ನಿನ್ನ ಮುಖ ಮರೆತುಹೋಯ್ತಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡುವುದು. ಇನ್ನು ಮೇಲೆ ಆ ಕಾಲಂನಲ್ಲಿ ನನ್ನ ಕೆಲಸ ಮಾತ್ರ ಬರೆಯಬೇಕಂತೆ.

ಮಾರ್ಚ್ 14

ಐದನೇ ಅಧ್ಯಾಯ. ಒಬ್ಬ ಕಾಣಿಕೆ ಹಿಡಿದು ಬಲಿಪೀಠದವರೆಗೂ ಹೋಗಿದ್ದಾನೆ. ಸಹೋದರನಿಗೆ ತನ್ನ ಮೇಲೆ ಏನೋ ದೂರಿದೆ ಎಂದು ಆಗ ನೆನಪಾಗುತ್ತದೆ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು.

ಏನರ್ಥ: ಗೊತ್ತಿರುವುದೇ.

ಮೂರನೇ ಕಾಲಂ: —

ಗಿರಾಕಿ ಬಂದರು.

ಮಾರ್ಚ್ 15

ಆರನೇ ಅಧ್ಯಾಯಕ್ಕೆ ಹಾರಿದೆ.

ಮಾರ್ಚ್ 24

ಒಂಬತ್ತು ದಿನ ಓದಲಿಲ್ಲ. ಬರೆಯಲೂ ಇಲ್ಲ.

ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: “ಮೈದುನ ಒಂದನೇ ತಾರೀಖಿಂದ ಬೇರೆ ಊರಿನ ಅಂಗಡಿಗೆ ಹೋಗ್ತಾನಂತೆ. ಇಲ್ಲಿ ಅವನ ಕುರ್ಚೀಲಿ ಯಾರೂ ಕೂರಲ್ವಲ್ಲ. ನಿಮಗೆ ಹೇಳ್ಲಿಲ್ವಾ?”

“ಹೋದರೆ ಹೋಗ್ಲಿ” ಎಂದೆ. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಇದನ್ನು ಯಾರೂ ಓದುವುದಿಲ್ಲ. ಬರೆದೇ ಬಿಡುತ್ತೇನೆ. ಅವತ್ತು ತಮ್ಮನ ಕೈ ನಡುಗಲಿಲ್ಲ. ಪೌಡರ್ ಡಬ್ಬಿಗೆಂದು ನಾನು ಕೈ ಚಾಚಿದೆ, ನನ್ನ ಮೊಣಕೈ ಅವನ ತೋಳಿಗೆ ಬಡಿಯಿತು. ಪೋಸ್ಟ್‌ಮಾಸ್ಟರ್ ಕಿವಿಯಿಂದ ರಕ್ತ. ಕೂಗಾಡಿದರು. “ಅವನ ಕೈ ಈಚೆಗೆ ನಡುಗ್ತದೆ ಸಾರ್” ಎಂದು ನನ್ನ ಬಾಯಿಂದಲೇ ಬಂತು. ತಮ್ಮ ಕನ್ನಡಿಯೊಳಗೆ ನನ್ನನ್ನೇ ನೋಡಿದ. ಕತ್ತಿ ಒರೆಸಿಟ್ಟ. ಅಲ್ಲೇ ನನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ನಾಚಿಕೆಯಾಗುತ್ತದೆ.

ಮೂರನೇ ಕಾಲಂ: ಅದೇ ಅಂಗಡಿಯಲ್ಲಿ, ಪೋಸ್ಟ್‌ಮಾಸ್ಟರ್ ಎದುರಿಗೇ ನಿಜ ಹೇಳಬೇಕು.

ಮಾರ್ಚ್ 25

ಪೋಸ್ಟ್‌ಮಾಸ್ಟರ್ ಬರಲಿಲ್ಲ. ಸದ್ಯ! ಟಿಕ್ ಇಲ್ಲ.

ಮಾರ್ಚ್ 27

ಬಂದರು. ಗಡ್ಡ ಬೋಳಿಸಿದೆ, ಕಳಿಸಿದೆ. ನಾಲಿಗೆ ಏಳಲಿಲ್ಲ. ನನ್ನಂಥ ಪುಕ್ಕಲ ಇನ್ನೊಬ್ಬನಿಲ್ಲ.

ಮಾರ್ಚ್ 28, ರಾತ್ರಿ

ಪೋಸ್ಟ್‌ಮಾಸ್ಟರ್ ಮತ್ತೆ ಬಂದರು, ಇವತ್ತು ಕಟಿಂಗಿಗೆ; ನನ್ನ ಕುರ್ಚಿಯಲ್ಲಿ ಕೂತರು. ಬೆಂಚಿನ ಮೇಲೆ ಇನ್ನೂ ಮೂವರು. “ಒಂದು ನಿಮಿಷ ಸಾರ್” ಎಂದು ಹೋಗಿ ತಮ್ಮನ ಕುರ್ಚಿಯಲ್ಲಿ ಕೂತೆ. ಬಟ್ಟೆ ನಾನೇ ಕಟ್ಟಿಕೊಂಡೆ.

“ಶೇವ್ ಮಾಡು.”

ತಮ್ಮ ಹಳೆ ಬ್ಲೇಡ್ ತೆಗೆದು ಎಸೆದ. ಆಮೇಲೆ ಹೊಸ ಬ್ಲೇಡ್ ಹಾಕಿದ. ನೊರೆ ಹಚ್ಚಿದ. ಕತ್ತಿ ಕೆನ್ನೆಗೆ ಬಂದಾಗ ಕನ್ನಡಿಯಲ್ಲಿ ಪೋಸ್ಟ್‌ಮಾಸ್ಟರನ್ನು ನೋಡಿ ಹೇಳಿದೆ: “ಸಾರ್, ಅವತ್ತು ಇವನ ಕೈ ನಡುಗಿರಲಿಲ್ಲ. ನನ್ನ ಮೊಣಕೈ ಬಡಿದಿತ್ತು. ನಾನು ಸುಳ್ಳು ಹೇಳಿದೆ.”

ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು.

“ಥೂ ನಿನ್ನ! ಒಂದು ವರ್ಷದಿಂದ ಇವನನ್ನ ಊರೆಲ್ಲ ಬೈಕೊಂಡು ತಿರುಗಿದೀನಲ್ಲೋ!” ಪೋಸ್ಟ್‌ಮಾಸ್ಟರ್ ಕಿವಿ ಮುಟ್ಟಿಕೊಂಡರು.

ಇನ್ನೂ ಏನೋ ಹೇಳಲು ಹೋದೆ. ತಲೆಯ ಮೇಲಿಂದ ದನಿ ಬಂತು:

“ಬಾಯಿ ಮುಚ್ಚು. ಕೆನ್ನೆ ಅಲ್ಲಾಡ್ತಿದೆ.”

ಹನ್ನೊಂದು ತಿಂಗಳಲ್ಲಿ ಅವನು ನನಗೆ ಆಡಿದ ಮೊದಲ ಮಾತು. ಬಾಯಿ ಮುಚ್ಚಿದೆ. ಕಣ್ಣಲ್ಲಿ ನೀರು ಬಂತು. ಒಂದು ಗೀರೂ ಇಲ್ಲದೆ ಮುಗಿಸಿದ. ಟವೆಲ್ ಕೊಟ್ಟು ಹೊರಗೆ ಹೋದ. ಸಂಜೆಯವರೆಗೂ ಬರಲಿಲ್ಲ.

ಟಿಕ್ ಹಾಕಿದೆ. ಖುಷಿಯೇನೂ ಆಗಲಿಲ್ಲ.

ಮಾರ್ಚ್ 29, ಬೆಳಿಗ್ಗೆ 8.10

ಒಂದನೇ ತಾರೀಖಿಗೆ ಇನ್ನು ಮೂರೇ ದಿನ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ಪೌಡರ್ ಡಬ್ಬಿಯನ್ನು ಎತ್ತಿ ನನ್ನ ಕಡೆಯ ತುದಿಯಲ್ಲಿ ಕುಕ್ಕಿದ.

“ಇನ್ಮೇಲೆ ನನ್ನ ಅಡ್ಡ ಕೈ ಚಾಚಬೇಡ.”

ಇನ್ಮೇಲೆ ಅಂತೆ. ಹೋಗುವವನು ಹಾಗೇಕೆ ಹೇಳುತ್ತಾನೆ? ಐದನೇ ಅಧ್ಯಾಯದಲ್ಲಿ ಬಿಟ್ಟದ್ದು ಇನ್ನೂ ಅರ್ಧ ಇದೆ. ಇರಲಿ. ಹೋಗ್ತೀಯಾ, ಇರ್ತೀಯಾ ಎಂದು ಮೊದಲು ಅವನನ್ನೇ ಕೇಳಿಬಿಡುತ್ತೇನೆ.