ದಡದ ಮೇಲೆ ಹಾಡು ಎದ್ದ ದಿನ

ಬೆಣಚಿನಮಟ್ಟಿ
ಕ್ರಿಸ್ತಶಕ ೨೧೮೭, ಹದಿಮೂರನೆಯ ತಿಂಗಳ ಕೊನೆಯ ಸೋಮವಾರ

ಹಿಂದಿನ ಕಾಲದ ಪ್ರಿಯ ವಿದ್ಯಾರ್ಥಿಗಳೇ,

ಮೇಲಿನ ದಿನಾಂಕವನ್ನು ನೋಡಿ ಬರೆದವಳಿಗೆ ಲೆಕ್ಕ ತಪ್ಪಿದೆಯೆಂದು ಭಾವಿಸಬೇಡಿ. ನನಗೆ ಲೆಕ್ಕ ತಪ್ಪುವ ಅಭ್ಯಾಸವಿಲ್ಲ. ನಮ್ಮ ಪಂಚಾಂಗದಲ್ಲಿ ತಿಂಗಳುಗಳು ಹದಿಮೂರು. ಹದಿಮೂರನೆಯದಕ್ಕೆ ಬಿಡುವು ಎಂದು ಹೆಸರು. ಎಣಿಕೆಯಲ್ಲಿ ಅದು ಕೊನೆಯದಾದರೂ ಬರುವುದು ಮೇ ಮುಗಿದು ಜೂನ್ ಆರಂಭವಾಗುವುದರ ನಡುವೆ. ಆ ತಿಂಗಳಲ್ಲಿ ಊರೂರುಗಳು ತಮ್ಮ ಕೆರೆ, ಕಾಲುವೆ, ಶಾಲೆಗಳನ್ನು ದುರಸ್ತಿ ಮಾಡಿಕೊಳ್ಳುತ್ತವೆ. ನನ್ನ ಮಾತಿನಲ್ಲಿ ಇಂಥ ಅಪರಿಚಿತ ಪದಗಳು ಇನ್ನೂ ಕೆಲವು ಬಂದಾವು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ವಾಕ್ಯರಚನೆಯ ಬಗ್ಗೆ ಮಾತ್ರ ಕ್ಷಮೆ ಕೋರುವುದಿಲ್ಲ; ಅದನ್ನು ಎರಡು ಬಾರಿ ನೋಡಿಯೇ ಕಳಿಸುತ್ತಿದ್ದೇನೆ.

ನಾನು ಭಾಗೀರಥಿ ಕಟಗೇರಿ, ಬೆಣಚಿನಮಟ್ಟಿಯ ಕನ್ನಡ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಈಗ ನಿವೃತ್ತಳಾಗಿರುವವಳು. ನಮ್ಮಲ್ಲಿ ನಿವೃತ್ತರಾದ ಶಿಕ್ಷಕರಿಗೆ ಒಂದೇ ಒಂದು ಹಿಂದೋಲೆ ಬರೆಯುವ ಅವಕಾಶವಿದೆ. ಹಿಂದೋಲೆಯೆಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರ. ಅದು ಹೇಗೆ ತಲುಪುತ್ತದೆಂದು ವಿವರಿಸುವ ವಿಜ್ಞಾನ ನನಗೆ ತಿಳಿಯದು. ತಿಳಿಯದ್ದನ್ನು ವಿವರಿಸುವವರ ಕಿವಿ ಹಿಂಡಿದವಳು ನಾನು. ಹೆಚ್ಚಿನವರು ತಮ್ಮ ಅಜ್ಜಿಯರಿಗೆ ಬರೆಯುತ್ತಾರೆ. ನಾನು ಹಳೆಯ ಫೋಟೋವೊಂದರಲ್ಲಿ ಕಂಡ ನಿಮ್ಮನ್ನು ಆರಿಸಿಕೊಂಡೆ. ನೀವು ರೊಬಾಟಿಕ್ಸ್ ಎಂದು ಕರೆಯುವ ವಿದ್ಯೆಯಲ್ಲಿ, ಸಂಗೀತದಲ್ಲಿ, ಜಾಲತಾಣ ಕಟ್ಟುವ ಸ್ಪರ್ಧೆಯಲ್ಲಿ ಗೆದ್ದು, ಕೊರಳಿಗೆ ಪದಕ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಫೋಟೋಗೆ ನಿಂತಿದ್ದೀರಿ. ನಿಮಗೆ ಮೊದಲು ನನ್ನ ಅಭಿನಂದನೆ. ಅದರ ಹಿಂದೆಯೇ ಒಂದು ಕೋರಿಕೆಯೂ ಇದೆ. ಆದರೆ ಅದನ್ನು ಹೇಳುವ ಮುನ್ನ ಈ ವರ್ಷ ನಮ್ಮ ಶಾಲೆಯ ಮೂವರು ಮಕ್ಕಳು ಮಾಡಿದ ಸಾಧನೆಯನ್ನು ನೀವು ಕೇಳಬೇಕು.

ನಮ್ಮ ಕಾಲದಲ್ಲಿ ಆ ಮೂರು ಸ್ಪರ್ಧೆಗಳು ಬೇರೆಬೇರೆಯಲ್ಲ. ಆಕಾಶದ ಅಲೆಗಳು ಕಿಕ್ಕಿರಿದು ಆಸ್ಪತ್ರೆಯ ಕರೆಗೂ ಜಾಗವಿಲ್ಲದಂತಾದಾಗ ನಮ್ಮ ಹಿರಿಯರು ತೆರವುಗಾಳಿ ಎಂಬ ಕಾಯಿದೆಯನ್ನು ತಂದರು. ಅಂದಿನಿಂದ ಹೊಲದ, ಕೆರೆಯ, ಶಾಲೆಯ ಯಂತ್ರಗಳು ನಿಸ್ತಂತು ಸಂಕೇತವನ್ನು ಬಳಸುವಂತಿಲ್ಲ. ಅವು ಮನುಷ್ಯರ ದನಿಯನ್ನು ಕೇಳಿ ನಡೆಯುತ್ತವೆ. ಗಾಳಿಯಲ್ಲಿ ಮಾತು ಚದುರುತ್ತದೆ, ರಾಗ ಚದುರುವುದಿಲ್ಲ. ಆದ್ದರಿಂದ ಯಂತ್ರಗಳಿಗೆ ಹಾಡಿ ಹೇಳುತ್ತೇವೆ. ಬೆಳಿಗ್ಗೆ ನಮ್ಮೂರ ಹೊರವಲಯದಲ್ಲಿ ನಿಂತರೆ ಕಳೆ ಕೀಳುವ ಯಂತ್ರಕ್ಕೆ ಒಬ್ಬರು, ಕಸದ ಬಂಡಿಗೆ ಒಬ್ಬರು, ಹೀಗೆ ಹಾಡುಗಳು ಒಂದರ ಮೇಲೊಂದು ಕೇಳಿಸುತ್ತವೆ. ಎಲ್ಲವೂ ಕಿವಿಗೆ ಇಂಪೆಂದು ಹೇಳಲಾರೆ. ಹೀಗಾಗಿ ಯಂತ್ರ ಕಟ್ಟುವವರಿಗೆ ಹಾಡುವವರು ಬೇಕು. ಅದನ್ನು ನಡೆಸುವ ಬಗೆಯನ್ನು ಬೇರೆ ಊರಿನವರಿಗೆ ಕಲಿಸಲು ಜಾಲಮನೆ ಕಟ್ಟುವವರೂ ಬೇಕು. ನಿಮ್ಮ ಜಾಲತಾಣವೇ ನಮ್ಮ ಜಾಲಮನೆ. ಬಂದವರು ಉಂಡು ತೃಪ್ತರಾಗಿ ಹೋಗುವಂತಿರಬೇಕೆಂದು ಆ ಹೆಸರು.

ಇನ್ನು ನಮ್ಮ ಕೆರೆಯ ವಿಷಯ. ಅದರ ತೂಬಿನ ಬಾಯಿ ನೀರಿನ ಆಳದಲ್ಲಿದೆ. ಪ್ರತಿ ವರ್ಷ ಬಿಡುವಿನ ಹೊತ್ತಿಗೆ ಅದಕ್ಕೆ ಹೂಳು, ಬೇರು, ಹರಿದ ಬಲೆ ಸಿಕ್ಕಿಕೊಂಡಿರುತ್ತವೆ. ಒಬ್ಬರು ಉಸಿರು ಕಟ್ಟಿ ಮುಳುಗಿ ಕೈಯಿಂದ ಬಿಡಿಸಬೇಕು. ಈ ಕೆಲಸ ದುರ್ಗಪ್ಪ ಅಂಬಿಗೇರನದು. ಅವನಿಗಿಂತ ಮುಂಚೆ ಅವನ ಅಣ್ಣನದಾಗಿತ್ತು. ಆ ಅಣ್ಣ ಒಮ್ಮೆ ಮೇಲೆ ಬರಲಿಲ್ಲ. ಆ ದಿನದಿಂದ ನಮ್ಮೂರಲ್ಲಿ ಒಂದು ನಡವಳಿಕೆ ಬಂತು: ಮುಳುಗಿದವನು ನೀರೊಳಗಿರುವಷ್ಟು ಹೊತ್ತು ದಡದ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಕೂಸು ಅತ್ತರೆ ತಾಯಿ ಏರಿಯಿಂದ ಇಳಿದು ದೂರ ಹೋಗುತ್ತಾಳೆ. ನೀರು ಸೀಳಿ ದುರ್ಗಪ್ಪನ ತಲೆ ಕಾಣಿಸಿದ ಮೇಲೆಯೇ ಊರು ಮಾತನಾಡುತ್ತದೆ.

ದುರ್ಗಪ್ಪನ ಮಗಳು ನೀಲವ್ವ ಪ್ರತಿ ವರ್ಷ ಆ ಮೌನದಲ್ಲಿ ನಿಂತು ಬೆಳೆದವಳು. ನಾನು ಕಲಿಸಿದ ಮಕ್ಕಳಲ್ಲಿ ಅವಳಷ್ಟು ಶುದ್ಧವಾಗಿ ಹಾಡಿದವರಿಲ್ಲ. ಅಪ್ಪ ಇನ್ನು ಮುಳುಗಬಾರದೆಂದು ಅವಳು ಪಟ್ಟು ಹಿಡಿದಳು. ಅವಳ ಸಹಪಾಠಿ ಮೌನೇಶ ಬಡಿಗೇರ ತೂಬಿನ ಬಾಯಿಗೆ ಇಳಿಯಬಲ್ಲ ಯಂತ್ರವೊಂದನ್ನು ಕಟ್ಟಿದ. ಮಕ್ಕಳು ಅದನ್ನು ಆಮಿ, ಅಂದರೆ ಆಮೆ, ಎಂದು ಕರೆದರು. ಅದಕ್ಕೆ ಬಾಗಿದ ಬೆನ್ನು, ನಾಲ್ಕು ಅಗಲ ಪಾದ, ಮುಂದೆ ಎರಡು ಚಿಮಟ. ಉದ್ದನೆಯ ಬಾಲದ ತುದಿಯಲ್ಲಿ ನೀರಿನ ಮೇಲೆ ತೇಲುವ ಒಂದು ಸೋರೆಬುರುಡೆ, ಅದರೊಳಗೆ ಆಮಿಯ ಕಿವಿ. ಇಳಿ, ಬಿಡಿಸು, ಮರಳು ಎಂಬ ಮೂರು ಆಜ್ಞೆಗಳಿಗೆ ನೀಲವ್ವ ಮೂರು ಸಣ್ಣ ಹಾಡುಗಳನ್ನು ಕಟ್ಟಿದಳು. ಅವಳು ಹಾಡಿದರೆ ಆಮಿ ಹೇಳಿದಂತೆ ಕೇಳುತ್ತಿತ್ತು. ನಾನು ದಡದಲ್ಲಿ ನಿಂತು ನೋಡಿ, ಇಷ್ಟಾದರೆ ಸಾಕೆಂದುಕೊಂಡಿದ್ದೆ.

ಸಾಲದೆಂದವಳು ಜಾಲಮನೆಯನ್ನು ಕಟ್ಟುತ್ತಿದ್ದ ಶಮೀಮಾ ನದಾಫ. ಒಂದು ಸಂಜೆ ಅವಳು ತಾನೇ ಹಾಡಿ ನೋಡಿದಳು. ಆಮಿ ಅಲ್ಲಾಡಲಿಲ್ಲ. ಮೌನೇಶ ಬಿದ್ದು ಬಿದ್ದು ನಕ್ಕ.

“ನಿನ್ನ ದನಿ ಕೇಳಿ ಅದು ಚಿಪ್ಪಿನ್ಯಾಗ ಹೊಕ್ಕೊಂತ ನೋಡ! ಇನ್ನೊಮ್ಮಿ ಹಾಡಿದ್ರ ಕೆರೀ ಬಿಟ್ಟ ಓಡತೈತಿ.”

“ನಗಬ್ಯಾಡ. ಇದು ಆಮಿ ಅಲ್ಲ, ನೀಲವ್ವ ಸಾಕಿದ ಗಿಣಿ. ಎಲ್ಲಾರ ದನೀನೂ ಕಲಸ್ಬೇಕು ಇದಕ್ಕ. ಸೊಟ್ಟ ದನಿ, ಒಡಕ ದನಿ, ಎಲ್ಲಾ.”

ನೀಲವ್ವನಿಗೆ ಸಿಟ್ಟು ಬಂತು. “ಸೊಟ್ಟ ಹಾಡು ಕಲಸ್ತೀಯಾ? ಮರಳು ಅಂದಾಗ ಇಳೀತಂದ್ರ? ಬೇರಿನ್ಯಾಗ ಸಿಗಬಿದ್ರ ಅದನ್ನ ಬಿಡಸಾಕ ಮತ್ತ ನಮ್ಮಪ್ಪನ ಮುಳುಗಬೇಕು. ಅಕ್ಕಾರ, ನೀವರ ಹೇಳ್ರಿ!”

ನಾನು ನೀಲವ್ವನ ಪಕ್ಷ ವಹಿಸಿದೆ. ಶ್ರುತಿ ಶುದ್ಧವಾಗಿರಬೇಕೆಂಬುದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ. ಆದರೆ ಶಮೀಮಾ ನನ್ನ ಕಡೆ ನೋಡಲೇ ಇಲ್ಲ. ನೀಲವ್ವ ಈ ವರ್ಷ ಸಂಗೀತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದಿದ್ದಳು. ಬಿಡುವು ಮುಗಿದೊಡನೆ ಹೆಚ್ಚಿನ ಕಲಿಕೆಗೆ ಧಾರವಾಡಕ್ಕೆ ಹೊರಡುವವಳಿದ್ದಳು. ಶಮೀಮಾ ಕೇಳಿದ್ದು ಅದನ್ನೇ.

“ನೀ ಧಾರವಾಡಕ್ಕ ಹ್ವಾದ ಮ್ಯಾಲ ನಿಮ್ಮಪ್ಪನ ಸಲವಾಗಿ ಯಾರ ಹಾಡ್ತಾರ ಇಲ್ಲಿ?”

ನೀಲವ್ವ ಸೋರೆಬುರುಡೆಯನ್ನು ನೀರಿನಿಂದ ಎತ್ತಿ, ಲಂಗದ ಅಂಚಿನಿಂದ ಒರೆಸಿ, ಮನೆಗೆ ನಡೆದಳು. ಮರುದಿನ ಬೆಳಿಗ್ಗೆ ಶಮೀಮಾಳ ಜೊತೆ ಹಾಡು ಬೇಡಲು ಹೊರಟಿದ್ದವಳೂ ಅವಳೇ.

ಅವರಿಬ್ಬರೂ ಊರನ್ನೆಲ್ಲ ಹಾಡಿಸಿದರು. ಚಹಾ ಮಾರುವ ಫಕೀರಸಾಬನನ್ನು, ಹಲ್ಲಿಲ್ಲದ ಅಜ್ಜಿಯರನ್ನು, ದನಿ ಒಡೆಯುತ್ತಿರುವ ಹುಡುಗರನ್ನು ಹಿಡಿದು ನಿಲ್ಲಿಸಿದರು. ಎಲ್ಲವನ್ನೂ ಆಮಿಗೆ ಕೇಳಿಸಿದರು. ಎಲ್ಲವನ್ನೂ ಜಾಲಮನೆಯ ಒಂದು ಕೋಣೆಯಲ್ಲಿ ಇಟ್ಟರು. ಒಂದೊಂದು ಅಪಸ್ವರದ ಮುಂದೆಯೂ ಕುಳಿತು, ಇದು ಸೊಟ್ಟಗಿದ್ದರೂ ಇಳಿಯುವ ಹಾಡು, ಇದು ನಡುಗುತ್ತಿದ್ದರೂ ಮರಳುವ ಹಾಡು ಎಂದು ಯಂತ್ರಕ್ಕೆ ವಿಂಗಡಿಸಿ ಕೊಟ್ಟವಳು ನೀಲವ್ವ. ಅಷ್ಟು ಶುದ್ಧವಾದ ಕಿವಿ ಇಲ್ಲದಿದ್ದರೆ ಆ ಕೆಲಸ ಯಾರಿಂದಲೂ ಆಗುತ್ತಿರಲಿಲ್ಲ. ನನ್ನನ್ನೂ ಹಾಡಿಸಿದರು. ನಾನು ತಪ್ಪಾಗಿ ಹಾಡಿದೆನೆಂದು ಒಪ್ಪುವುದಿಲ್ಲ. ಆ ವಾರ ನನಗೆ ನೆಗಡಿಯಾಗಿತ್ತು. ಆದರೂ ಆ ಮಕ್ಕಳು ನನ್ನ ಹಾಡನ್ನು ಇಟ್ಟದ್ದು ಅದೇ ಕೋಣೆಯಲ್ಲಿ, ಫಕೀರಸಾಬನ ಪಕ್ಕದಲ್ಲಿ.

ಸ್ಪರ್ಧೆ ಗದಗಿನಲ್ಲಿ ನಡೆಯಿತು. ಅದರ ಕೊನೆಯ ಸುತ್ತಿಗೆ ಬೇರೆಕೈ ಎನ್ನುತ್ತೇವೆ. ನಿಮ್ಮ ಯಂತ್ರವನ್ನು ನೀವು ನಡೆಸುವಂತಿಲ್ಲ. ಅದನ್ನು ಎಂದೂ ನೋಡದ ಬೇರೆ ಶಾಲೆಯ ಮಕ್ಕಳು ನಿಮ್ಮ ಜಾಲಮನೆಯನ್ನಷ್ಟೇ ನೋಡಿ ನಡೆಸಬೇಕು. ಕಟ್ಟಿದವರು ಗೆರೆಯ ಹಿಂದೆ ಬಾಯಿ ಮುಚ್ಚಿ ನಿಲ್ಲಬೇಕು. ಒಂದು ಮಾತು ಆಡಿದರೂ ಆಟ ಮುಗಿಯಿತು. ಕಟ್ಟಿದವರ ಕೈಯಲ್ಲಿ ಮಾತ್ರ ನಡೆಯುವ ಯಂತ್ರ ಶಾಲೆಯ ಗಾಜಿನ ಕಪಾಟಿಗೆ ಹೋಗುತ್ತದೆ. ಬೇರೆಯವರ ಕೈಯಲ್ಲಿ ನಡೆದದ್ದು ಮಾತ್ರ ಕೆರೆಗೆ ಇಳಿಯುವ ಪರವಾನಗಿ ಪಡೆಯುತ್ತದೆ. ನಮ್ಮ ಆಮಿ ಸಿಕ್ಕಿದ್ದು ಕೋಲಾರದ ಕಡೆಯ ಒಂದು ಶಾಲೆಯ ಮಕ್ಕಳಿಗೆ. ಅವರು ನೀಲವ್ವನ ಹಾಡನ್ನು ಕೇಳಿ ಅವಳಂತೆಯೇ ಎತ್ತರಕ್ಕೆ ಹಾಡಲು ಹೋಗಿ ಅರ್ಧದಲ್ಲಿ ದನಿ ಕಳೆದುಕೊಂಡರು. ಆಮಿ ಕಲ್ಲಿನಂತೆ ಕುಳಿತಿತ್ತು.

“ಏನೇ ಇದು, ಕದಲ್ತಾನೇ ಇಲ್ಲ?”

“ನಮ್ಮ ಮೇಲೆ ಮುನಿಸ್ಕೊಂಡೈತೆ ಕಣೇ.”

ಗೆರೆಯ ಹಿಂದೆ ಮೌನೇಶ ತನ್ನ ಅಂಗಿಯ ಕಾಲರನ್ನು ಕಚ್ಚಿ ಹಿಡಿದಿದ್ದ. ನೀಲವ್ವನ ಮುಖವನ್ನು ನಾನು ಕಂಡೆ. ಅಪ್ಪ ಮುಳುಗಿದಾಗ ಕೆರೆಯ ದಡದಲ್ಲಿ ನಿಂತಿರುವ ಅವಳ ಮುಖವೇ ಅದು. ಆಗ ಆ ತಂಡದ ಹುಡುಗಿಯೊಬ್ಬಳು ಜಾಲಮನೆಯಲ್ಲಿ ‘ನಿಮ್ಮ ದನಿ ಯಾರ ದನಿಯ ಹಾಗಿದೆ?’ ಎಂಬ ಬಾಗಿಲನ್ನು ಕಂಡು ಒಳಗೆ ಹೋದಳು. ಅಜ್ಜಿಯರನ್ನು ಕೇಳಿದಳು. ಫಕೀರಸಾಬನನ್ನು ಕೇಳಿ ನಗು ತಡೆಯಲಾರದೆ ಬಗ್ಗಿದಳು.

“ಲೋ, ಈ ತಾತ ನಿನ್ನಂಗೇ ಹಾಡ್ತಾನೆ ಕಣೋ! ನೀನು ಸುಮ್ಕೆ ನಿನ್ನ ದನೀಲೇ ಹಾಡು.”

ಆ ಹುಡುಗ ಸಂಕೋಚ ಬಿಟ್ಟು ತನ್ನ ಒರಟು ದನಿಯಲ್ಲಿ ಹಾಡಿದ. ಆಮಿ ಒಂದು ಪಾದ ಎತ್ತಿತು. ನಂತರ ಸ್ಪರ್ಧೆಯ ಕೊಳಕ್ಕೆ ಇಳಿಯಿತು, ಬಿಡಿಸಿತು, ಮರಳಿತು. ಜಾಲಮನೆಗೆ ಪ್ರಥಮ ಸ್ಥಾನ ಬಂತು. ಯಂತ್ರಕ್ಕೆ ದ್ವಿತೀಯ ಸ್ಥಾನ. ದ್ವಿತೀಯ ಏಕೆಂದು ತೀರ್ಪುಗಾರರು ವಿವರಿಸಿದ್ದಾರೆ, ನಾನು ಒಪ್ಪಿಲ್ಲ. ಆದರೆ ಪರವಾನಗಿ ಸಿಕ್ಕಿತು.

ಅಭಿನಂದನೆಯ ಸಭೆಯನ್ನು ಶಾಲೆಯಲ್ಲಿ ಮಾಡಲಿಲ್ಲ, ನಿನ್ನೆ ಕೆರೆಯ ಏರಿಯ ಮೇಲೆ ಮಾಡಿದೆವು. ಭಾಷಣಗಳು ಚಿಕ್ಕವಾಗಿದ್ದವು, ನನ್ನದು ಸ್ವಲ್ಪ ಉದ್ದವಾಯಿತು. ಮೂವರಿಗೂ ಶಾಲು ಹೊದಿಸಿದ ಮೇಲೆ ಎಲ್ಲರೂ ನೀಲವ್ವ ಹಾಡಲೆಂದು ಕಾದರು. ಅವಳು ಹಾಡಲಿಲ್ಲ. ತನ್ನ ಕೈಫಲಕದಲ್ಲಿ ಜಾಲಮನೆಯನ್ನು ತೆರೆದು ಅಪ್ಪನ ಕೈಗೆ ಕೊಟ್ಟಳು. ದುರ್ಗಪ್ಪ ಒಂದೊಂದೇ ದನಿಯನ್ನು ಕಿವಿಗಿಟ್ಟು ಕೇಳಿದ. ವರ್ಷಗಟ್ಟಲೆ ನೀರು ಕುಡಿದು ಗೊಗ್ಗರಾದ ಅವನ ಗಂಟಲಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ನನ್ನ ನೆಗಡಿಯ ಹಾಡು. ಜನರು ನಕ್ಕರು. ನಾನೂ ನಕ್ಕೆನೆಂದು ಕೆಲವರು ಹೇಳುತ್ತಾರೆ.

ಅವನು ಇಳಿಯುವ ಹಾಡನ್ನು ಹಾಡಿದ. ಆಮಿ ನೀರಿಗಿಳಿಯಿತು, ಬೆನ್ನು ಮುಳುಗಿತು, ಸೋರೆಬುರುಡೆ ಮಾತ್ರ ಮೇಲೆ ಉಳಿಯಿತು. ಅಲ್ಲಿಗೆ ಅವನ ದನಿ ನಿಂತುಹೋಯಿತು. ಊರೂ ನಿಂತಿತ್ತು. ಯಾರೂ ಹೇಳದೆಯೇ ಎಲ್ಲರ ತುಟಿಗಳೂ ಹಳೆಯ ಅಭ್ಯಾಸದಂತೆ ಮುಚ್ಚಿಕೊಂಡಿದ್ದವು. ನೀರೊಳಗೆ ಯಾರೋ ಇದ್ದಾರೆಂಬಂತೆ, ಬಾಯಿ ತೆರೆಯಲು ದುರ್ಗಪ್ಪನಿಂದ ಆಗಲಿಲ್ಲ. ಆಮಿ ಕೆಳಗೆ ಆಜ್ಞೆಗಾಗಿ ಕಾಯುತ್ತಿತ್ತು.

ನೀಲವ್ವ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಮೌನ ಮುರಿದವಳು ಅವಳ ತಾಯಿ ಹನುಮವ್ವ.

“ನೀರಾಗ ಯಾರೂ ಇಲ್ಲಲ್ರೀ. ನೀವು ಇಲ್ಲೇ ಅದೀರಿ. ಹಾಡ್ರಿ.”

ದುರ್ಗಪ್ಪ ಹಾಡಿದ. ಬಿಡಿಸುವ ಹಾಡು, ಆಮೇಲೆ ಮರಳುವ ಹಾಡು. ಅದು ಅತ್ಯಂತ ಅಶುದ್ಧವಾಗಿತ್ತು. ಎರಡನೆಯ ಸಾಲಿನಲ್ಲಿ ಶ್ರುತಿ ಪೂರ್ತಿ ಕೈಬಿಟ್ಟಿತ್ತು. ನಾನು ತಿದ್ದಲಿಲ್ಲ. ಆ ದಡದ ಮೇಲೆ ಅಂಥ ಹೊತ್ತಿನಲ್ಲಿ ಹಾಡು ಎದ್ದದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ತೂಬಿನ ಆಚೆ ಕಾಲುವೆಯಲ್ಲಿ ನೀರು ನುಗ್ಗಿದ ಸದ್ದು ಕೇಳಿಸಿತು. ಆಮಿ ಚಿಮಟದಲ್ಲಿ ಹರಿದ ಬಲೆಯೊಂದನ್ನು ಹಿಡಿದು ಕೆಸರು ಸುರಿಸುತ್ತ ಮೇಲೆ ಬಂತು. ನೀಲವ್ವ ಆಮಿಯ ಕಡೆ ನೋಡಲಿಲ್ಲ. ಅಪ್ಪನ ಬಳಿ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟು ನೋಡಿದಳು. ಪ್ರತಿ ಬಿಡುವಿನಲ್ಲೂ ಒದ್ದೆಯಾಗುತ್ತಿದ್ದ ಅವನ ಕೂದಲು ಈ ಬಾರಿ ಒಣಗಿಯೇ ಇತ್ತು.

ಈಗ ನನ್ನ ಕೋರಿಕೆ. ಮಕ್ಕಳೇ, ನೀವು ಗೆದ್ದಿದ್ದೀರಿ. ಪದಕವನ್ನು ಧರಿಸಿ, ಮನೆಯವರಿಗೆ ತೋರಿಸಿ, ಹೆಮ್ಮೆಪಡಿ. ಚೆನ್ನಾಗಿ ಮಾಡಿದ ಕೆಲಸಕ್ಕೆ ನಾಚಿಕೊಳ್ಳುವುದು ವಿನಯವಲ್ಲ. ಆದರೆ ನಾಳೆ ಬೆಳಿಗ್ಗೆ ನಿಮ್ಮ ಯಂತ್ರವನ್ನು ಅದನ್ನು ಎಂದೂ ಮುಟ್ಟದ ಒಬ್ಬರ ಕೈಗೆ ಕೊಡಿ. ನಿಮ್ಮ ಹಾಡನ್ನು ಹಾಡಲು ಬಾರದವರಿಗೆ ಕಲಿಸಿ. ನಿಮ್ಮ ಪುಟವನ್ನು ನಿಮ್ಮ ಅಜ್ಜಿ ತೆರೆಯುವಾಗ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ನಿಮ್ಮ ಮುಂದಿನ ಕೆಲಸ ಆರಂಭವಾಗುತ್ತದೆ.

ನೀಲವ್ವನ ಬಸ್ಸು ನಾಳೆ ಹೊರಡುತ್ತದೆ. ಈ ಸಾಲುಗಳನ್ನು ಬರೆಯುವಾಗ ಕೆರೆಯ ಕಡೆಯಿಂದ ದುರ್ಗಪ್ಪನ ಅಭ್ಯಾಸ ಕೇಳಿಸುತ್ತಿದೆ. ಎರಡನೆಯ ಸಾಲು ಇಂದೂ ಸರಿಯಿಲ್ಲ. ನನಗೆ ಬಿಡುವಿದೆ, ನಾಳೆಯಿಂದ ಹೋಗಿ ತಿದ್ದುತ್ತೇನೆ. ನೀವು ಎಲ್ಲಿದ್ದರೂ ಚೆನ್ನಾಗಿರಿ.

ನಿಮ್ಮನ್ನು ಎಂದೂ ಕಾಣಲಾರದ,
ಭಾಗೀರಥಿ ಕಟಗೇರಿ
ನಿವೃತ್ತ ಶಿಕ್ಷಕಿ